72 ತಾಸು ಎಲ್ಲಿ ಹೋಯ್ತು?

ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ದಿನಾ ನಿಲ್ಲುವವರಿಗೆ ಗೊತ್ತಿರುವ ಮಾತಿದು. ಗೋಡೆಗೆ ಅಂಟಿಸಿದ ನೋಟೀಸನ್ನು ಹತ್ತು ಮಂದಿ ನೋಡುತ್ತಾರೆ, ಒಬ್ಬ ಓದುತ್ತಾನೆ. ಉಳಿದ ಒಂಬತ್ತು ಮಂದಿ ಅವನ ಮುಖ ನೋಡಿ "ಏನ್ ಬರದಾರ್ರೀ?" ಅಂತ ಕೇಳುತ್ತಾರೆ. ಅವನು ಬಸ್ಸಿನ ಕಡೆ ಒಂದು ಕಣ್ಣಿಟ್ಟುಕೊಂಡೇ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಆ ಎರಡು ಮಾತೇ ಒಂಬತ್ತು ಮಂದಿಯ ಪಾಲಿಗೆ ನೋಟೀಸು. ಅವನು ಒಂದು ತಾರೀಖು ನುಂಗಿದರೆ ಒಂಬತ್ತು ಮನೆಯಲ್ಲಿ ಆ ತಾರೀಖು ಇಲ್ಲ.

ಹೀಗೆ ಓದಿ ಹೇಳುವವನನ್ನು ತಯಾರು ಮಾಡುವುದು ಯಾರ ಕೆಲಸ? ಸಾಲಿಯ ಕೆಲಸ ಅಂತ ನಾವೆಲ್ಲ ತಿಳಿದುಕೊಂಡು ಮಕ್ಕಳನ್ನು ಕಳಿಸುತ್ತಿದ್ದೇವೆ. ಸಾಲಿ ಆ ಕೆಲಸ ಮಾಡುತ್ತಿದೆಯೇ ಅನ್ನೋದು ಇವತ್ತಿನ ಅಂಕಣದ ಸಂಗತಿ.

ಮೊನ್ನೆ ಬಸವಕಲ್ಯಾಣದ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒಬ್ಬ ಮಾಸ್ತರರು ಬಂದು ಕುಂತರು. ಕಂಕುಳಲ್ಲಿ ನೋಟ್‌ಬುಕ್ಕಿನ ಕಟ್ಟು, ಅಂಗಿ ಜೇಬಿನಲ್ಲಿ ಕೆಂಪು ಪೆನ್ನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾರೆ. ಯಾವ ಊರು, ಯಾವ ಸಾಲಿ ಅನ್ನೋದು ಬೇಡ. "ಹೆಸರು ಗಿಸರು ಹಾಕಬ್ಯಾಡ್ರಿ, ನಿಮ್ಮ ಪೇಪರ್ ನಮ್ಮ ಹೆಡ್‌ಮಾಸ್ತರ್ ಓದ್ತಾರ" ಅಂದರು. (ನಮ್ಮ ಪತ್ರಿಕೆ ಓದುವ ಹೆಡ್‌ಮಾಸ್ತರರೂ ಇದ್ದಾರೆ ಅಂತ ತಿಳಿದು ಸಂತೋಷವಾಯಿತು.)

ರಾಜೇಶ್ವರ ಬರುವಷ್ಟರಲ್ಲಿ ಅವರು ತೊಡೆಯ ಮೇಲೆ ನೋಟ್‌ಬುಕ್ಕು ಹರವಿಕೊಂಡು ತಿದ್ದಲು ಸುರು ಮಾಡಿದ್ದರು. ಬಸ್ಸು ಕುಣಿದಂತೆಲ್ಲ ಕೆಂಪು ಗೆರೆ ಅತ್ತಿತ್ತ. ಒಂದು ಪುಟ ನೋಡಿ ನಕ್ಕರು. ಇನ್ನೊಂದು ನೋಡಿ ತಲೆ ಚಚ್ಚಿಕೊಂಡರು. ಏನ್ರೀ ಸರ್ ಅಂತ ಕೇಳಿದೆ.

"ನೀವೇ ಓದ್ರಿ" ಅಂತ ನನ್ನ ಕೈಗೆ ಕೊಟ್ಟರು.

ಬೆಳೆ ವಿಮೆಯ ಪಾಠ

ಮಾಸ್ತರರು ಪಾಠದ ಪುಸ್ತಕ ಬಿಟ್ಟು ಒಂಬತ್ತನೇ ತರಗತಿಗೆ ಒಂದು ಪ್ರಯೋಗ ಮಾಡಿದ್ದರು. ಊರಿನ ಗೋಡೆ ಮೇಲಿದ್ದ ಬೆಳೆ ವಿಮೆಯ ಪ್ರಕಟಣೆಯನ್ನು ಬೋರ್ಡಿನ ಮೇಲೆ ಬರೆದು, "ಇದರ ಸಾರಾಂಶ ಐದು ಸಾಲಿನೊಳಗೆ ಬರೆಯಿರಿ" ಅಂದಿದ್ದರು. ಪ್ರಕಟಣೆ ಸರ್ಕಾರಿ ಕನ್ನಡದಲ್ಲಿತ್ತು, ಅಂದರೆ ಒಂದು ವಾಕ್ಯ ಮುಗಿಯೋದ್ರೊಳಗೆ ಒಂದು ಎಕರೆ ಬಿತ್ತಬಹುದು. ಅದರಲ್ಲಿದ್ದ ಸಂಗತಿ ಮಾತ್ರ ಪಕ್ಕಾ. 2016ರಲ್ಲಿ ಸುರುವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ. ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳು ಬೆಳೆಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5. ಉಳಿದ ಕಂತು ಸರ್ಕಾರಗಳದ್ದು. ಆಲಿಕಲ್ಲು ಬಿದ್ದು ಅಥವಾ ನೀರು ನಿಂತು ಒಬ್ಬನದೇ ಹೊಲ ಹಾಳಾದರೆ, ಕೊಯ್ದು ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಅಕಾಲ ಮಳೆಗೆ ಸಿಕ್ಕರೆ, 72 ತಾಸಿನೊಳಗೆ ತಿಳಿಸಬೇಕು. ವಿಮಾ ಕಂಪನಿಗೆ, ಬ್ಯಾಂಕಿಗೆ, ಕೃಷಿ ಇಲಾಖೆಗೆ ಇಲ್ಲವೇ 14447 ನಂಬರಿಗೆ. ಇಡೀ ಪಂಚಾಯಿತಿಯ ಅಥವಾ ಹೋಬಳಿಯ ಬೆಳೆಯೇ ಹೋದರೆ ಬೆಳೆ ಕಟಾವು ಪ್ರಯೋಗ ಮಾಡಿ ಇಳುವರಿ ಲೆಕ್ಕ ಹಾಕುತ್ತಾರೆ, ಅದಕ್ಕೆ ಒಬ್ಬೊಬ್ಬರೂ ಅರ್ಜಿ ಹಾಕಬೇಕಿಲ್ಲ.

ಇಷ್ಟೇ. ಈಗ ಹುಡುಗರು ಬರೆದದ್ದು ಕೇಳಿ.

ಮೊದಲನೆಯವನು ಪ್ರಕಟಣೆಯ ಮೊದಲ ಎರಡು ಸಾಲು, ಕೊನೆಯ ಒಂದು ಸಾಲು ಇದ್ದಹಾಗೇ ಇಳಿಸಿದ್ದ. ನಡುವಿನದು ನಾಪತ್ತೆ. ಎರಡನೆಯವನದು ಇನ್ನೂ ಚೆಂದ: ರೈತ ನಮ್ಮ ದೇಶದ ಬೆನ್ನೆಲುಬು, ರೈತನಿಲ್ಲದಿದ್ದರೆ ಅನ್ನವಿಲ್ಲ, ಆದ್ದರಿಂದ ಎಲ್ಲರೂ ರೈತನನ್ನು ಗೌರವಿಸಬೇಕು. ವಿಮೆಯ ಸುದ್ದಿಯೇ ಇಲ್ಲ! ಪ್ರಬಂಧದ ಗೈಡಿನಲ್ಲಿದ್ದದ್ದು ಅಪ್ಪಿತಪ್ಪಿ ಇಲ್ಲಿ ಇಳಿದಿತ್ತು. ಮೂರನೆಯವನು ವಾಕ್ಯಕ್ಕೊಂದು ಪದ ಬಿಟ್ಟು ಇಡೀ ಪ್ರಕಟಣೆಯನ್ನು ಮತ್ತೊಮ್ಮೆ ಬರೆದಿದ್ದ. ಐದು ಸಾಲು ಅಂದದ್ದಕ್ಕೆ ಅಕ್ಷರ ಸಣ್ಣ ಮಾಡಿಕೊಂಡಿದ್ದ.

"ಈ ಕಟ್ಟಿನಾಗ 72 ಅನ್ನೋ ಅಂಕಿ ಎಷ್ಟು ಮಂದಿ ಬರದಾರ ಗೊತ್ತದೇನ್ರಿ?" ಅಂತ ಮಾಸ್ತರರು ಬೆರಳು ಮಡಿಚಿ ತೋರಿಸಿದರು. ಒಂದು ಕೈ ಸಾಕಾಯಿತು. "ಇವರೆಲ್ಲ ಓದಕ್ಕ ಬರ್ತದ್ರಿ. ಘಡಘಡ ಓದ್ತಾರ. ಎಲ್ಲಿ ತಡಿಬೇಕು, ಎಲ್ಲಿ ನಿಲ್ಲಬೇಕು ಎಲ್ಲ ಗೊತ್ತದ. ಓದಿ ಆದಮ್ಯಾಲ ಏನ್ ಹೇಳ್ಯಾರೋ ತಮ್ಮಾ ಅಂದ್ರ ಕಿಡಕಿ ನೋಡ್ತಾರ."

ಇದು ನಗುವ ಮಾತಲ್ಲ. 2025ರ ಆಗಸ್ಟ್, ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ಜಿಲ್ಲೆಯ ಹೊಲಗಳು ಹೇಗಾಗಿದ್ದವು ಅಂತ ನಿಮಗೆ ಹೇಳಬೇಕಿಲ್ಲ. ತೊಗರಿಯ ಬುಡದಲ್ಲಿ ನೀರು ನಿಂತಾಗ, ರಾಶಿಗೆ ಬಂದ ಉದ್ದು ಕಪ್ಪಾದಾಗ, ಗೋಡೆ ಮೇಲಿನ ಕಾಗದವನ್ನು ಅಪ್ಪನಿಗೆ ಓದಿ ಹೇಳಬೇಕಾದದ್ದು ಇದೇ ಒಂಬತ್ತನೇ ತರಗತಿಯ ಹುಡುಗ. "ವಿಮೆ ಕೊಡ್ತಾರಂತ" ಅಂದು ಸುಮ್ಮನಾದರೆ? ಅಪ್ಪ ವಾರ ಬಿಟ್ಟು ಹೋಗುತ್ತಾನೆ. ಮೇಜಿನ ಆಚೆ ಕುಂತವನು ಕ್ಯಾಲೆಂಡರ್ ತೋರಿಸುತ್ತಾನೆ.

ಒಂದು ಅಂಕದ ವಿದ್ಯೆ

ಪರೀಕ್ಷೆಯಲ್ಲಿ ಸಾರಾಂಶ ಇಲ್ಲ ಅಂತಲ್ಲ. ಕನ್ನಡದ ಪತ್ರಿಕೆಯಲ್ಲಿ ಪದ್ಯದ ಸಾರಾಂಶ ಬರೆಯಿರಿ ಅಂತ ಕೇಳುತ್ತಾರೆ, ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಆದರೆ ಪದ್ಯದ ಸಾರಾಂಶ ಗೈಡಿನಲ್ಲಿ ತಯಾರಾಗಿ ಕುಂತಿರುತ್ತದೆ. ಅದನ್ನು ಬಾಯಿಪಾಠ ಮಾಡಿದರೆ ಆಯಿತು. "ನಿಮ್ಮ ಮಾತುಗಳಲ್ಲಿ ಬರೆಯಿರಿ" ಅಂತ ಪ್ರಶ್ನೆಯಲ್ಲಿ ಇರುತ್ತದೆ. ಜಿಲ್ಲೆಯ ಎಲ್ಲ ಹುಡುಗರ "ನಿಮ್ಮ ಮಾತು" ಒಂದೇ ಗೈಡಿನ ಮಾತಾಗಿರುತ್ತದೆ. ಇನ್ನು ಗದ್ಯಭಾಗದ ಪ್ರಶ್ನೆಗೆ ಉಪಾಯವೊಂದು ಹುಡುಗರಲ್ಲಿ ತಲೆಮಾರಿನಿಂದ ಬಂದಿದೆ: ಪ್ರಶ್ನೆಯಲ್ಲಿರುವ ಪದ ಮೇಲೆ ಎಲ್ಲಿದೆ ನೋಡು, ಆ ಸಾಲು ಎತ್ತಿ ಕೆಳಗೆ ಬರಿ. ತಿಳಿಯುವ ದರಕಾರೇ ಇಲ್ಲ.

ಇತಿಹಾಸದ ಪಾಠದಲ್ಲೂ ಅದೇ. ಬಸವಕಲ್ಯಾಣದ ಯಾವುದೇ ಹುಡುಗನನ್ನು ಕೋಟೆಯ ಮುಂದೆ ನಿಲ್ಲಿಸಿ "ಮಿತಾಕ್ಷರ ಬರೆದವರು ಯಾರಪ್ಪಾ?" ಅಂತ ಕೇಳಿ. "ವಿಜ್ಞಾನೇಶ್ವರ" ಅಂತ ಬಾಣದಂತೆ ಉತ್ತರ ಬರುತ್ತದೆ. ಒಂದು ಅಂಕ. ಅದರಲ್ಲಿ ಏನಿದೆ ಅಂತ ಕೇಳಿ ನೋಡಿ. ಕಿಡಕಿ ಇಲ್ಲದಿದ್ದರೆ ಆಕಾಶ ನೋಡುತ್ತಾನೆ.

ಸಂಗತಿ ಸಣ್ಣದಲ್ಲ. ಸುಮಾರು ಒಂಬೈನೂರು ವರ್ಷದ ಹಿಂದೆ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ ಹುಟ್ಟಿದ ಪುಸ್ತಕ ಅದು. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಹೆಸರು ನೋಡಿ: ಮಿತ ಅಕ್ಷರ. ಅಳತೆಯ ಮಾತು. (ಪುಸ್ತಕ ಅಷ್ಟೇನೂ ಸಣ್ಣದಲ್ಲ ಅನ್ನಿ. ಪಂಡಿತರ ಅಳತೆಗೋಲು ಬೇರೆ.) ಅಪ್ಪನ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಅಂತ ಮಿತಾಕ್ಷರ ಹೇಳಿತು. ಅಪ್ಪ ಸತ್ತ ಮೇಲೆ ಬರುತ್ತದೆ ಅಂತ ಬಂಗಾಳದ ದಾಯಭಾಗ ಹೇಳಿತು. ಇಂಗ್ಲಿಷರ ಕಾಲದಲ್ಲಿ ಕೋಲ್‌ಬ್ರೂಕ್ ಅನ್ನುವ ಅಧಿಕಾರಿ 1810ರಲ್ಲಿ ಎರಡೂ ಗ್ರಂಥಗಳ ಆಸ್ತಿಹಕ್ಕಿನ ಭಾಗವನ್ನು ಇಂಗ್ಲಿಷಿಗೆ ಇಳಿಸಿದ. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದ ಕೋರ್ಟುಗಳು ಹೊಲ ಮನೆ ಹಂಚಿದ್ದು ಕಲ್ಯಾಣದ ಮಾತಿನ ಮೇಲೆ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ತಿದ್ದುಪಡಿ ಮಾಡಿ ಹೆಣ್ಣುಮಕ್ಕಳಿಗೂ ಆ ಹುಟ್ಟಿನ ಹಕ್ಕು ಕೊಟ್ಟವು. ತವರಿನ ಆಸ್ತಿ ಕೇಸು ಹಾಕಿ ಬಸವಕಲ್ಯಾಣದ ಕೋರ್ಟಿಗೆ ಬಸ್ಸಿನಲ್ಲಿ ಅಲೆಯುವ ಅಕ್ಕ ತಂಗಿಯರ ಕೇಸಿನ ಬೇರು ಅದೇ ಊರಿನ ಒಂದು ಪುಸ್ತಕದಲ್ಲಿದೆ. ಹುಡುಗನಿಗೆ ಬರೆದವನ ಹೆಸರು ಗೊತ್ತು. ಅಷ್ಟಕ್ಕೇ ಅಂಕ ಕೊಟ್ಟು ಮುಂದಿನ ಪಾಠಕ್ಕೆ ಹೋಗಿದ್ದೇವೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಎಲ್ಲರೂ ಎದೆ ಬಡಿದುಕೊಳ್ಳುತ್ತೇವೆ. 2024ರಲ್ಲಿ ಕೊನೆಯ ಜಿಲ್ಲೆ ಯಾದಗಿರಿ, 2025ರಲ್ಲಿ ಕಲಬುರಗಿ. ಎರಡೂ ನಮ್ಮ ಕಲ್ಯಾಣ ಕರ್ನಾಟಕದವೇ. ಬೀದರೇನೂ ಮೇಲಿನ ಸಾಲಿನಲ್ಲಿ ಕಾಣಿಸಲಿಲ್ಲ. ಮಾಸ್ತರರ ಕೊರತೆ ಇದೆ, ಕಟ್ಟಡದ ಕೊರತೆ ಇದೆ, ಎಲ್ಲ ಖರೇ. ಆದರೆ ಓದಿದ್ದನ್ನು ಹಿಡಿದುಕೊಳ್ಳಲು ಬರದ ಹುಡುಗ ವಿಜ್ಞಾನದಲ್ಲೂ ಬೀಳುತ್ತಾನೆ, ಸಮಾಜದಲ್ಲೂ ಬೀಳುತ್ತಾನೆ. ಗಣಿತದ ಲೆಕ್ಕವೂ ಮೊದಲು ಒಂದು ವಾಕ್ಯವೇ ಅಲ್ಲವೇ?

ಖುಲಾಸಾದ ಖುಲಾಸೆ

ಮಾಸ್ತರರು ಹೇಳಿದ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ನಮ್ಮ ಕಡೆ ಸಾರಾಂಶ ಅನ್ನುವ ಪದ ಸಾಲಿಯಲ್ಲಿ ಮಾತ್ರ ಇದೆ. ಅಂಗಡಿಯಲ್ಲಿ ಕೇಳುವುದು "ಮತಲಬ್ ಏನು?" ಅಂತ. ನಿಜಾಮರ ಆಳಿಕೆಯಲ್ಲಿ ಕಚೇರಿ, ಸಾಲಿ ಎಲ್ಲ ಉರ್ದುವಿನಲ್ಲಿ ನಡೆದ ನೆಲ ಇದು. ಆ ಉರ್ದುವಿನಲ್ಲಿ ಸಾರಾಂಶಕ್ಕೆ ಖುಲಾಸಾ ಅಂತಾರೆ. ಅದೇ ಪದ ಉಮರ್ಗಾ ಕಡೆ ಹೋದರೆ ಮರಾಠಿಯಲ್ಲಿ ವಿವರಣೆ, ಸ್ಪಷ್ಟನೆ. ನಮ್ಮ ಕನ್ನಡ ಪೇಪರಿನಲ್ಲಿ "ಆರೋಪಿ ಖುಲಾಸೆ" ಅಂದರೆ ಬಿಡುಗಡೆ. ಒಂದು ಪದ, ಮೂರು ಊರಿನಲ್ಲಿ ಮೂರು ಕೆಲಸ. ನಮ್ಮ ವಿದ್ಯಾರ್ಥಿಗಳು ಪಾಠದ ಖುಲಾಸಾ ಬರೆಯಿರಿ ಅಂದರೆ ಕನ್ನಡದ ಅರ್ಥ ಹಿಡಿದು ಪಾಠವನ್ನೇ ಬಿಡುಗಡೆ ಮಾಡಿ ಕಳಿಸುತ್ತಾರೆ.

ತಮಾಷೆ ಬಿಡಿ. ಇದರ ಹಿಂದೆ ಒಂದು ತೊಡಕಿದೆ. ಹುಮನಾಬಾದ್, ಬಸವಕಲ್ಯಾಣದ ಕನ್ನಡ ತರಗತಿಯಲ್ಲಿ ಕುಂತ ಮಕ್ಕಳೆಲ್ಲ ಮನೆಯಲ್ಲಿ ಕನ್ನಡ ಆಡುವವರಲ್ಲ. ಒಬ್ಬನ ಮನೆಯಲ್ಲಿ ಮರಾಠಿ, ಇನ್ನೊಬ್ಬಳ ಮನೆಯಲ್ಲಿ ದಖನಿ ಉರ್ದು, ತಾಂಡಾದಿಂದ ಬರುವವರದು ಲಂಬಾಣಿ. ಕನ್ನಡದ ಮನೆಯವರಿಗೂ ಪುಸ್ತಕದ ಕನ್ನಡ ಅರ್ಧ ಪರಭಾಷೆಯೇ. ಇಂಥ ಹುಡುಗನಿಗೆ ಓದು, ತಿಳಿ, ಸಣ್ಣದು ಮಾಡು, ಚೆಂದ ಕನ್ನಡದಲ್ಲಿ ಬರಿ, ನಾಲ್ಕೂ ಒಟ್ಟಿಗೆ ಅಂದರೆ ಅವನು ಸುಲಭದ ದಾರಿ ಹಿಡಿಯುತ್ತಾನೆ. ಇಳಿಸುತ್ತಾನೆ.

"ನಾನು ಈಗ ಏನ್ ಮಾಡ್ತೀನಂದ್ರ" ಅಂದರು ಮಾಸ್ತರರು, "ಮೊದಲ ಬುಕ್ ಮುಚ್ಚಸ್ತೀನಿ. ನಿಮ್ಮ ಮನಿ ಮಾತಿನಾಗ ಪಕ್ಕದಾಂವಗ ಹೇಳೋ ಅಂತೀನಿ. ಮರಾಠಿ ಆಗ್ಲಿ, ಉರ್ದು ಆಗ್ಲಿ. ಹೇಳಾಕ ಬಂದ್ರ ತಿಳದದ ಅಂತ ಅರ್ಥ. ಆಮ್ಯಾಲ ಕನ್ನಡದಾಗ ಬರಸ್ತೀನಿ. ಮೊದಲ್ನೇ ದಿನ ಇನ್ಸ್‌ಪೆಕ್ಷನ್‌ಗೆ ಬಂದಿದ್ದವರು ಕನ್ನಡ ಪಿರಿಯಡ್ಡಿನಾಗ ಏನ್ರೀ ಇದು ಸಂತಿ ಅಂದ್ರು."

ಸಂತೆ ಅಂದದ್ದು ಸರಿಯಾಗಿದೆ. ಸಂತೆಯಲ್ಲಿ ಸಾರಾಂಶ ಬರದವನು ಒಬ್ಬನೂ ಇಲ್ಲ. ಅದೇ ಹುಡುಗ ರಾತ್ರಿ ನೋಡಿದ ಕ್ರಿಕೆಟ್ ಮ್ಯಾಚನ್ನು ಬೆಳಿಗ್ಗೆ ಎರಡು ನಿಮಿಷದಲ್ಲಿ ಹೇಳುತ್ತಾನೆ. ನೂರಾರು ಚೆಂಡಿನ ಆಟದಲ್ಲಿ ಯಾವ ಮೂರು ಚೆಂಡು ಮುಖ್ಯ ಅಂತ ಅವನಿಗೆ ಗೊತ್ತು. ಯಾಕೆ ಗೊತ್ತು? ಆಟ ಗೊತ್ತು, ಕೇಳುವ ಗೆಳೆಯನಿಗೆ ಏನು ಬೇಕು ಅಂತಲೂ ಗೊತ್ತು. ಪಾಠದ ಸಾರಾಂಶ ಬರೆಯುವಾಗ ಎರಡನೆಯದು ಇಲ್ಲ. ಪಾಠ ಮೊದಲೇ ಓದಿ ಮುಗಿಸಿದ ಮಾಸ್ತರರಿಗೇ ಪಾಠದ ಸಾರಾಂಶ ಬರೆದು ತೋರಿಸಬೇಕು. ಲೋಕದಲ್ಲಿ ಯಾರಾದರೂ ಸುದ್ದಿ ಗೊತ್ತಿದ್ದವನಿಗೆ ಸುದ್ದಿ ಹೇಳುತ್ತಾರೆಯೇ?

ಕಿರ್ದಿಯಿಂದ ಖಾತೆಗೆ

ಅಂಗಡಿಕಾರರಿಗೆ ಈ ವಿದ್ಯೆ ಹೊಸದಲ್ಲ. ದಿನವಿಡೀ ಕಿರ್ದಿಯಲ್ಲಿ ಬರೆದದ್ದನ್ನು ರಾತ್ರಿ ಖಾತೆಗೆ ಇಳಿಸುತ್ತೀರಿ. ಅರ್ಧ ಕೆಜಿ ಸಕ್ಕರೆ, ಪಾವು ಚಹಾಪುಡಿ, ಎರಡು ಸಾಬೂನು, ಎಲ್ಲ ಸೇರಿ ಖಾತೆಯಲ್ಲಿ "ಕಿರಾಣಿ, ಇಷ್ಟು ರೂಪಾಯಿ" ಅಂತ ಒಂದು ಸಾಲಾಗುತ್ತದೆ. ಆದರೆ ಯಾರ ಹೆಸರಿಗೆ, ಎಷ್ಟು, ಯಾವ ತಾರೀಖು ಅನ್ನುವ ಮೂರನ್ನು ನೀವು ನಿದ್ದೆಗಣ್ಣಿನಲ್ಲೂ ಬಿಡುವುದಿಲ್ಲ. ಬಿಟ್ಟರೆ ಉದ್ರಿ ಮುಳುಗಿತು.

ಅಮೆರಿಕದಲ್ಲಿ ಬ್ರೌನ್ ಮತ್ತು ಡೇ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ಮಕ್ಕಳ ಮೇಲೆ ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದರು. ಸಾರಾಂಶ ಬರೆಯುವವರು ಮಾಡುವ ಕೆಲಸ ಇಷ್ಟು: ಬೇಡದ್ದನ್ನು, ಎರಡು ಸಲ ಬಂದದ್ದನ್ನು ಬಿಡುವುದು. ಉದ್ದ ಪಟ್ಟಿಗೆ ಒಂದು ಹೆಸರು ಕೊಡುವುದು, ತೊಗರಿ, ಉದ್ದು, ಹೆಸರು ಅಂತ ಬಂದರೆ ಬೇಳೆಕಾಳು ಅನ್ನುವುದು. ಪ್ಯಾರಾದ ಯಜಮಾನ ವಾಕ್ಯ ಯಾವುದು ಅಂತ ಹುಡುಕುವುದು. ಅಂಥ ವಾಕ್ಯ ಇಲ್ಲದಿದ್ದರೆ ತಾವೇ ಕಟ್ಟುವುದು. ಐದನೇ ತರಗತಿಯ ಮಕ್ಕಳಿಗೂ ಬಿಡುವುದು ಬರುತ್ತದೆ. ಕಟ್ಟುವುದು ಕಾಲೇಜಿನವರಿಗೂ ಕಷ್ಟ. ಚಿಕ್ಕವರು ಒಂದೊಂದೇ ವಾಕ್ಯ ನೋಡಿ ಇದು ಇರಲಿ, ಇದು ಹೋಗಲಿ ಅಂತ ಸಾಗುತ್ತಾರೆ. ಅನುಭವಿಗಳು ಪ್ಯಾರಾ ದಾಟಿ ಸಂಗತಿ ಕೂಡಿಸುತ್ತಾರೆ. ನಮ್ಮ ಮೂರನೇ ಹುಡುಗ ಪದಕ್ಕೊಂದು ಪದ ಬಿಟ್ಟು ಇಳಿಸಿದನಲ್ಲ, ಅವನು ದಡ್ಡನಲ್ಲ. ಆ ಮೆಟ್ಟಿಲಿನಲ್ಲೇ ನಿಂತಿದ್ದಾನೆ, ಮುಂದಿನ ಮೆಟ್ಟಿಲು ಯಾರೂ ತೋರಿಸಿಲ್ಲ.

ಮರುವರ್ಷ, 1984ರಲ್ಲಿ, ಅದೇ ಬ್ರೌನ್ ಮತ್ತು ಪಾಲಿನ್ಸಾರ್ ಅನ್ನುವವರು ಸೇರಿ ಏಳನೇ ತರಗತಿಯ ಕೆಲವು ಮಕ್ಕಳ ಕತೆ ಬರೆದರು. ಆ ಮಕ್ಕಳೂ ಹಾಗೇ: ಓದಲು ಬರುತ್ತದೆ, ತಿಳಿಯುವುದಿಲ್ಲ. ಅವರಿಗೆ ಮಾಡಿಸಿದ್ದು ಪಾಳಿಯ ಮೇಲೆ ಮಾಸ್ತರಿಕೆ. ಒಂದು ಪ್ಯಾರಾ ಓದಿದ ಮೇಲೆ ಒಬ್ಬ ಹುಡುಗ ಮಾಸ್ತರನಾಗಿ ಪ್ರಶ್ನೆ ಕೇಳಬೇಕು, ಸಾರಾಂಶ ಹೇಳಬೇಕು, ತಿಳಿಯದ್ದನ್ನು ಬಿಡಿಸಬೇಕು, ಮುಂದೆ ಏನು ಬರಬಹುದು ಅಂತ ಅಂದಾಜು ಮಾಡಬೇಕು. ನಂತರ ಮತ್ತೊಬ್ಬನ ಪಾಳಿ. ಮೊದಲು ತೊದಲಿದ ಮಕ್ಕಳು ಕೆಲವೇ ವಾರದಲ್ಲಿ ಸುಧಾರಿಸಿದರು. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಅನುದಾನ ಬೇಕಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಗದ್ದಲ ತಡೆದುಕೊಳ್ಳುವ ಕಿವಿ ಬೇಕು, ಪೋರ್ಷನ್ ಮುಗಿಸಿದಿರಾ ಅಂತ ವಾರಕ್ಕೊಮ್ಮೆ ಕೇಳದ ಮೇಲಧಿಕಾರಿ ಬೇಕು. ಎರಡನೆಯದೇ ದುರ್ಲಭ.

ನಮ್ಮ ಮಾಸ್ತರರ ಪದ್ಧತಿ ಇನ್ನೂ ಸರಳ. ತರಗತಿಯನ್ನು ಎರಡು ಪಾಲು ಮಾಡುತ್ತಾರೆ. ಅರ್ಧ ಮಂದಿ ಹೊರಗೆ ಬೇವಿನ ಮರದ ಕೆಳಗೆ. ಒಳಗಿನವರು ನೋಟೀಸು ಓದಿ ಐದು ಸಾಲು ಬರೆಯಬೇಕು. ಆಮೇಲೆ ಹೊರಗಿನವರು ಬಂದು ಆ ಐದು ಸಾಲು ಮಾತ್ರ ಓದುತ್ತಾರೆ, ಅಸಲು ನೋಟೀಸು ನೋಡುವಂತಿಲ್ಲ. ಮಾಸ್ತರರು ಕೇಳುತ್ತಾರೆ: ನಿನ್ನ ಹೊಲದಾಗ ಸೋಮವಾರ ರಾತ್ರಿ ಆಲಿಕಲ್ಲು ಬಿತ್ತು, ಯಾವಾಗಿನ ಒಳಗ ಹೇಳಬೇಕು? ಯಾರಿಗೆ ಹೇಳಬೇಕು? ಉತ್ತರ ಬರದಿದ್ದರೆ ಬೈಗುಳ ಓದಿದವನಿಗಲ್ಲ, ಬರೆದವನಿಗೆ. "ಮಾಸ್ತರ್ ಮಾರ್ಕ್ಸ್ ಕಡಿಮಿ ಕೊಟ್ರ ಹುಡುಗ್ರು ತಲಿ ಕೆಡಿಸಿಕೊಳ್ಳಲ್ರಿ. ದೋಸ್ತ ಬಂದು ನಿಂದು ಓದಿ ನನ್ನ ಬೆಳಿ ಹೋಯ್ತಲೋ ಅಂತ ಅಂದ್ರ ನಾಚ್ಕೋತಾರ."

ಜಾಣ ಹುಡುಗಿಯ ತಪ್ಪು

ಈ ಕಟ್ಟಿನಲ್ಲಿ ಒಂದು ನೋಟ್‌ಬುಕ್ಕು ಬೇರೆ ಇಟ್ಟಿದ್ದರು. ಬೀಜ ಗೊಬ್ಬರದ ಅಂಗಡಿಯವರ ಮಗಳದು. ಎರಡೇ ಸಾಲು: ಬೆಳೆ ಹಾಳಾದ್ರೆ 72 ತಾಸಿನೊಳಗೆ 14447ಕ್ಕೆ ಫೋನ್ ಮಾಡಬೇಕು, ಇಲ್ಲಾಂದ್ರೆ ದುಡ್ಡು ಬರೋದಿಲ್ಲ. ನನಗೆ ಪೂರಾ ಅಂಕ ಕೊಟ್ಟುಬಿಡಬೇಕು ಅನಿಸಿತು. ಮಾಸ್ತರರು ಕೆಂಪು ಪೆನ್ನು ತೆಗೆದರು.

"ತಪ್ಪದ ನೋಡ್ರಿ ಇದು. ಊರಿಗೂರೇ ಬೆಳಿ ಹೋದಾಗ ಒಬ್ಬೊಬ್ಬರು ಹೇಳಬೇಕಂತಿಲ್ಲ, ಕಟಾವು ಪ್ರಯೋಗದ ಲೆಕ್ಕದ ಮ್ಯಾಲ ಬರ್ತದ. ಈಕಿ ಬರದದ್ದು ಓದಿದಾಂವ ಮೂರು ದಿನ ದಾಟ್ತು ಅಂತ ಕೈ ಚೆಲ್ಲಿ ಕುಂದ್ರತಾನ. ಬ್ಯಾಂಕಿನ ಕಡಿ ಹೊಳ್ಳಿ ನೋಡಲ್ಲ. ಇದ್ದ ಹಕ್ಕು ಹೋಗ್ತದ."

ನಾನು ಸುಮ್ಮನಾದೆ. ಪದ್ಯದ ಸಾರಾಂಶದಲ್ಲಿ ಒಂದು ಉಪಮೆ ಬಿಟ್ಟರೆ ಕವಿಗೆ ಬೇಜಾರು, ಅಷ್ಟೇ. ವಿಷಯದ ಬರಹದಲ್ಲಿ ಸಣ್ಣ ಸಣ್ಣ ಪದಗಳೇ ದೊಡ್ಡ ಯಜಮಾನರು. "ಮಾತ್ರ", "ಹೊರತುಪಡಿಸಿ", "ಆದರೆ", "ಒಳಗೆ", "ಮೇಲ್ಪಟ್ಟು". ಸಾಲದ ಕಾಗದ, ಔಷಧದ ಚೀಟಿ, ಜಾಮೀನು ಪತ್ರ, ಎಲ್ಲದರಲ್ಲೂ ಇವೇ. ಸಂಕ್ಷೇಪ ಅಂದರೆ ಮೂರರಲ್ಲಿ ಒಂದು ಪಾಲು ಮಾಡು ಅಂತ ಹಳೆಯ ಕಾಲದಿಂದ ಕಲಿಸಿದ್ದಾರೆ. ಐಎಎಸ್ ಮುಖ್ಯ ಪರೀಕ್ಷೆಯ ಭಾರತೀಯ ಭಾಷೆಯ ಕಡ್ಡಾಯ ಪತ್ರಿಕೆಯಲ್ಲಿ ಈಗಲೂ 300ರಲ್ಲಿ 60 ಅಂಕ ಸಂಕ್ಷೇಪಕ್ಕಿದೆ. ಕನ್ನಡ ಆರಿಸಿಕೊಂಡವರು ಕನ್ನಡದಲ್ಲೇ ಬರೆಯಬೇಕು. ಪದ ಎಣಿಸುವುದು ಅಭ್ಯಾಸಕ್ಕೆ ಒಳ್ಳೆಯದು. ಆದರೆ ಎಣಿಸುವುದರೊಳಗೆ ಇಂಥ ಒಂದು "ಮಾತ್ರ" ಜಾರಿ ಬಿದ್ದರೆ ಎಣಿಕೆ ಸರಿ, ಹೊಲ ತಪ್ಪು.

ಈಗ ನೀವು ಕೇಳಬಹುದು: ಮೊಬೈಲಿಗೆ ಫೋಟೋ ತೋರಿಸಿದರೆ ಸಾರಾಂಶ ತಾನೇ ಹೇಳುತ್ತದಲ್ಲ, ಹುಡುಗನಿಗೆ ಯಾಕೆ ಈ ಕಸರತ್ತು? ಹೇಳುತ್ತದೆ, ಕನ್ನಡದಲ್ಲೂ ಹೇಳುತ್ತದೆ. ಅದು 72 ತಾಸನ್ನು ನುಂಗಿದೆಯೋ ಇಲ್ಲವೋ ಅಂತ ನೋಡುವವರು ಯಾರು? ಬಸ್ ಸ್ಟ್ಯಾಂಡಿನಲ್ಲಿ ಓದಿ ಹೇಳಿದವನು ತಪ್ಪು ಹೇಳಿದರೆ ಮರುದಿನ ಅಲ್ಲೇ ಸಿಗುತ್ತಾನೆ, ಕೊರಳಪಟ್ಟಿ ಹಿಡಿಯಬಹುದು. ಮೊಬೈಲಿಗೆ ಕೊರಳೂ ಇಲ್ಲ, ಪಟ್ಟಿಯೂ ಇಲ್ಲ.

ಗೈಡು ಮಾರುವ ಅಂಗಡಿಕಾರ ಮಿತ್ರರಿಗೆ ಈ ಅಂಕಣದ ಮೇಲೆ ಸಿಟ್ಟು ಬರಬಹುದು. ಅವರ ತಪ್ಪೇನಿಲ್ಲ. ಪರೀಕ್ಷೆ ಗೈಡನ್ನು ಕೇಳಿದರೆ ಗಿರಾಕಿಯೂ ಗೈಡನ್ನೇ ಕೇಳುತ್ತಾನೆ. ಓದದ ಗದ್ಯ ಕೊಟ್ಟು ಪದ ಹುಡುಕಿಸುವ ಬದಲು, ನಾಲ್ಕು ಸಾಲಿನಲ್ಲಿ ಇದರ ಮತಲಬ್ ಬರಿ, ಒಂದು ಅಂಕಿಯೂ ತಪ್ಪಬಾರದು ಅಂತ ಒಂದೇ ಒಂದು ಪ್ರಶ್ನೆ ಪ್ರತಿ ವರ್ಷ ಕೇಳಲಿ. ಅದಕ್ಕೆ ತಯಾರಿ ಉತ್ತರ ಅಚ್ಚು ಹಾಕಲು ಯಾವ ಪ್ರಕಾಶಕನಿಂದಲೂ ಆಗುವುದಿಲ್ಲ. ತಿದ್ದುವ ಮಾಸ್ತರರಿಗೆ ಕಷ್ಟವಾಗುತ್ತದೆ, ಹೌದು. ಕೀ ಆನ್ಸರ್ ಇಟ್ಟುಕೊಂಡು ಟಿಕ್ ಹಾಕಿದಷ್ಟು ಸುಲಭವಲ್ಲ. ಆ ಕಷ್ಟಕ್ಕೆ ಮೌಲ್ಯಮಾಪನದ ಭತ್ಯೆ ಸ್ವಲ್ಪ ಹೆಚ್ಚು ಕೊಡಲಿ, ನಮ್ಮ ತಕರಾರಿಲ್ಲ.

ಬಸ್ಸು ಸಸ್ತಾಪುರ ಬಂಗ್ಲಾ ಹತ್ತಿರ ಬಸವಕಲ್ಯಾಣದ ಕಡೆ ತಿರುಗಿತು. ಮಾಸ್ತರರು ನೋಟ್‌ಬುಕ್ಕು ಕಟ್ಟಿಕೊಂಡರು. ಆ ಹುಡುಗಿಗೆ ಎಷ್ಟು ಅಂಕ ಕೊಟ್ಟಿರಿ ಅಂತ ಕೇಳಿದೆ. ಕೊಟ್ಟಿಲ್ಲ, ಮತ್ತೊಮ್ಮೆ ಬರಿ ಅಂತ ಹಾಕೀನಿ ಅಂದರು.

ಹತ್ತು ದಿನ ಬಿಟ್ಟು ಅದೇ ಬಸ್ಸಿನಲ್ಲಿ ಸಿಕ್ಕರು. ಹುಡುಗಿ ಮತ್ತೆ ಬರೆದಿದ್ದಳಂತೆ. ಐದು ಸಾಲು: ನಿಮ್ಮದೊಂದೇ ಹೊಲ ಹಾಳಾದರೆ 72 ತಾಸು; ಕೊಯ್ದಿಟ್ಟ ಬೆಳೆಯಾದರೆ 14 ದಿನದೊಳಗಿನ ಮಳೆಗೆ ಮಾತ್ರ, ಅದಕ್ಕೂ 72 ತಾಸು; ಯಾರಿಗೆ ಹೇಳಬೇಕು; ಊರಿಗೇ ಹೋದರೆ ಅರ್ಜಿ ಬೇಡ; ಕಂತು ಕಟ್ಟಿದ ರಸೀದಿ ಜೋಪಾನ. ಕೊನೆಯದು ನೋಟೀಸಿನಲ್ಲಿ ಇರಲಿಲ್ಲ. ಅಪ್ಪನ ಅಂಗಡಿಯಲ್ಲಿ ಕುಂತು ಕಲಿತದ್ದು. ಸಾರಾಂಶದಲ್ಲಿ ಸ್ವಂತದ್ದು ಸೇರಿಸಬಾರದು ಅಂತ ಮಾಸ್ತರರು ಅರ್ಧ ಅಂಕ ಕಡಿದರು. ಅಪ್ಪ ಮಾತ್ರ ಆ ಹಾಳೆಯನ್ನು ಅಂಗಡಿಯ ತಕ್ಕಡಿ ಮೇಲಿನ ಗೋಡೆಗೆ ಅಂಟಿಸಿದ್ದಾರಂತೆ, ಐದನೇ ಸಾಲಿನ ಸಮೇತ. ಕೆಳಗೆ ಮರಾಠಿಯಲ್ಲೂ ಬರಸ್ರಿ ಅಂತ ಒಬ್ಬ ಗಿರಾಕಿ ಕೇಳಿದ್ದಾನೆ. ಮುಂದಿನ ವಾರದ ಪಾಠ ಅದು.